ಮೊದಲು ಕಾಗದ, ಆಮೇಲೆ ಬ್ರೇಕು, ಕೊನೆಗೆ ಎಂಜಿನ್ನು

ಹಿರೇಗುಂಟನೂರು ಹೋಬಳಿಯ ಊರುಗಳಲ್ಲಿ ಕಣದ ಮೂಲೆಯಲ್ಲೋ ದನದ ಕೊಟ್ಟಿಗೆಯ ಹಿಂದೆಯೋ ಒಂದು ಹಳೆಯ ಬೈಕು ಇದ್ದೇ ಇರುತ್ತದೆ. ಟೈರು ಗಾಳಿ ಇಳಿದು ನೆಲಕ್ಕೆ ಕೂತಿರುತ್ತದೆ. ಸೀಟಿನ ರೆಕ್ಸಿನ್ ಹರಿದಿರುತ್ತದೆ. ಟ್ಯಾಂಕಿನ ಮುಚ್ಚಳ ಕಳೆದು ಬಾಯಿಗೆ ಬಟ್ಟೆ ತುರುಕಿರುತ್ತಾರೆ. ಒಂದು ಕಾಲಕ್ಕೆ ಅದೇ ಬೈಕು ಭೀಮಸಮುದ್ರದ ಕಡೆಗೆ ಅಡಿಕೆ ಚೀಲ ಹೊತ್ತಿದೆ, ಚಿತ್ರದುರ್ಗದ ಆಸ್ಪತ್ರೆಗೆ ಬಾಣಂತಿಯನ್ನು ಕರೆದೊಯ್ದಿದೆ, ಮಕ್ಕಳನ್ನು ಶಾಲೆಗೆ ಬಿಟ್ಟಿದೆ. ಈಗ ಗುಜರಿಯವನು ಬಂದರೆ ಕಬ್ಬಿಣದ ತೂಕಕ್ಕೆ ಬೆಲೆ ಕಟ್ಟುತ್ತಾನೆ.

ಅಂಥ ಬೈಕನ್ನು ತೂಕಕ್ಕೆ ಹಾಕದೆ ಮತ್ತೆ ರಸ್ತೆಗೆ ತರಬೇಕೆಂಬ ಹುಡುಗರು ಇತ್ತೀಚೆಗೆ ಹೆಚ್ಚುತ್ತಿದ್ದಾರೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲ ಕಡೆಯೂ ಈ ಉತ್ಸಾಹ ಕಾಣುತ್ತಿದೆ. ಇದು ಒಳ್ಳೆಯ ಕೆಲಸ. ಹೊಸ ಬೈಕಿನ ಸಾಲದ ಕಂತು ಕಟ್ಟಲಾಗದ ಮನೆಗೆ ಇದರಿಂದ ಒಂದು ವಾಹನವಾಗುತ್ತದೆ, ಹುಡುಗನ ಕೈಗೆ ಒಂದು ವಿದ್ಯೆ ಬರುತ್ತದೆ. ಆದರೆ ಹೆಚ್ಚಿನವರು ಕೆಲಸದ ಸರದಿಯನ್ನೇ ತಿರುಗಿಸಿಕೊಳ್ಳುತ್ತಾರೆ. ಮೊದಲು ಎಂಜಿನ್ನು ಬಿಚ್ಚುತ್ತಾರೆ, ಆಮೇಲೆ ಬಣ್ಣ ಹೊಡೆಸುತ್ತಾರೆ. ಬ್ರೇಕಿನ ನೆನಪಾಗುವುದು ಇಳಿಜಾರಿನಲ್ಲಿ, ಕಾಗದದ ನೆನಪಾಗುವುದು ಪೊಲೀಸರು ಕೈ ಅಡ್ಡ ಹಿಡಿದಾಗ. ಈ ಸರದಿಯನ್ನು ಪೂರ್ತಿ ಮಗುಚಿ ಹಾಕಬೇಕು ಎಂಬುದೇ ಈ ಬರಹದ ಮಾತು: ಮೊದಲು ಕಾಗದ, ಆಮೇಲೆ ಬ್ರೇಕು, ಕೊನೆಗೆ ಎಂಜಿನ್ನು.

ಮೈಸೂರಿನ ಸಾಕ್ಷಿ

ನಿಂತ ಬೈಕು ಮತ್ತೆ ಓಡಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಸಾಕ್ಷಿ ಇದೆ. 1960ರಲ್ಲಿ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಯಾದವಗಿರಿಯ ಕಾರ್ಖಾನೆಯಲ್ಲಿ ಮರುವರ್ಷವೇ ಜಾವಾ ಬೈಕುಗಳ ತಯಾರಿಕೆ ಶುರುವಾಯಿತು. ತಂತ್ರಜ್ಞಾನ ಅಂದಿನ ಜೆಕೊಸ್ಲೊವಾಕಿಯಾದ್ದು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ತಯಾರಿಸಿದ ಕಂಪನಿ ಬಾಗಿಲು ಹಾಕಿ ಮೂರು ದಶಕ ಹತ್ತಿರವಾದರೂ ಯೆಜ್ಡಿಗಳು ಇನ್ನೂ ಓಡುತ್ತಿವೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ ಆಚರಿಸುವವರು ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಸಾಲುಗಟ್ಟಿ ಬರುತ್ತಾರೆ. ಇದು ಬರಿಯ ಅಭಿಮಾನದಿಂದ ಆದದ್ದಲ್ಲ. ಆ ಬೈಕಿನ ರಚನೆಯೇ ಸರಳ. ಒಂದು ಸಿಲಿಂಡರು, ಎರಡು ಸೈಲೆನ್ಸರು, ಸುಮಾರು 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್ನು. ಅದರಲ್ಲಿ ವಾಲ್ವಿಲ್ಲ, ಕ್ಯಾಮಿಲ್ಲ. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಹಿಂದಿನ ಚೈನಿಗೆ ಪೂರ್ತಿ ಮುಚ್ಚಿದ ಕೇಸು ಇದ್ದುದರಿಂದ ಮಣ್ಣಿನ ರಸ್ತೆಯಲ್ಲೂ ಚೈನು ಬಾಳಿಕೆ ಬರುತ್ತಿತ್ತು. ಪಾನಾ ಹಿಡಿಯಲು ಬಲ್ಲ ಯಾವ ಮೆಕ್ಯಾನಿಕನಾದರೂ ಅದನ್ನು ಬಿಚ್ಚಿ ಜೋಡಿಸಬಹುದಿತ್ತು.

ಇನ್ನೊಂದು ಕಾರಣ ಬೇರಿಂಗು. ಬೈಕಿನ ಬೇರಿಂಗುಗಳು ಆ ಕಂಪನಿಗಷ್ಟೇ ಸೇರಿದವಲ್ಲ. ಅವುಗಳ ಅಂಚಿನ ಮೇಲಿನ ಸಂಖ್ಯೆ ಜಗತ್ತಿನಾದ್ಯಂತ ಒಂದೇ. 6202 ಎಂದಿದ್ದರೆ ಒಳಗಿನ ತೂತು 15 ಮಿಲಿಮೀಟರು, ಹೊರಸುತ್ತು 35, ದಪ್ಪ 11. ಬೈಕು ಯಾವ ಕಾಲದ್ದಾದರೂ ಸರಿ, ಆ ಸಂಖ್ಯೆ ಹೇಳಿದರೆ ಪೇಟೆಯ ಬೇರಿಂಗ್ ಅಂಗಡಿಯಲ್ಲಿ ಅದು ಸಿಗುತ್ತದೆ. ಆಯಿಲ್ ಸೀಲಿಗೂ ಇದೇ ಮಾತು, ಒಳಅಳತೆ, ಹೊರಅಳತೆ, ದಪ್ಪ ಗೊತ್ತಿದ್ದರೆ ಸಾಕು. ಹಾಗಾಗಿ ‘ಪಾರ್ಟ್ಸ್ ಸಿಗಲ್ಲ’ ಎಂದು ಕೈಬಿಡುವ ಮೊದಲು ಹಳೆಯ ಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು ಅದರ ಮೇಲಿನ ಸಂಖ್ಯೆ ಓದಬೇಕು.

ಕಾಗದ ಏಕೆ ಮೊದಲು

ಗುಜರಿ ಅಂಗಡಿಯಲ್ಲೋ ನೆಂಟರ ಕೊಟ್ಟಿಗೆಯಲ್ಲೋ ಬೈಕು ಕಂಡ ಕೂಡಲೇ ಕಿಕ್ ಹೊಡೆದು ನೋಡಬೇಡಿ. ಬಟ್ಟೆ ತೆಗೆದುಕೊಂಡು ಚಾಸಿ ನಂಬರಿರುವ ಜಾಗ ಒರೆಸಿ. ಆ ನಂಬರು, ಎಂಜಿನ್ ನಂಬರು, ಆರ್‌ಸಿಯಲ್ಲಿರುವ ನಂಬರು ಮೂರೂ ತಾಳೆಯಾಗಬೇಕು. ಅಕ್ಷರದ ಸುತ್ತ ಉಜ್ಜಿದ ಗುರುತೋ ವೆಲ್ಡಿಂಗಿನ ಗಂಟೋ ಕಂಡರೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಆ ಬೈಕು ಬೇಡ. ಅದು ಕದ್ದ ಮಾಲಾಗಿದ್ದರೆ ಕೊಂಡವನೂ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ.

ನಂಬರು ತಾಳೆಯಾದರೆ ಮುಂದಿನ ಹೆಜ್ಜೆ ಪ್ರಾದೇಶಿಕ ಸಾರಿಗೆ ಕಚೇರಿ. ನಮ್ಮ ಜಿಲ್ಲೆಗೆ ಕೆಎ-16. ಈ ಸರಣಿಗಿಂತ ಹಿಂದಿನ ಬೈಕಾದರೆ ನಂಬರು ಎಂವೈ, ಸಿಎಯಂಥ ಹಳೆಯ ಅಕ್ಷರಗಳಿಂದ ಶುರುವಾಗುತ್ತದೆ. ಅಂಥ ಗಾಡಿಯ ವಿವರ ಕಂಪ್ಯೂಟರಿಗೆ ಏರಿದೆಯೇ, ಇಲ್ಲವೇ ಹಳೆಯ ರಿಜಿಸ್ಟರಿನಲ್ಲೇ ಉಳಿದಿದೆಯೇ ಎಂದು ಮೊದಲು ಕೇಳಬೇಕು. ಹೊಸ ಗಾಡಿಗಳ ಸ್ಥಿತಿಯನ್ನು ಪರಿವಾಹನ್ ಜಾಲತಾಣದಲ್ಲೇ ನೋಡಬಹುದು. ನೋಂದಣಿ ಚಾಲ್ತಿಯಲ್ಲಿದೆಯೇ, ಅವಧಿ ಮುಗಿದಿದೆಯೇ, ರದ್ದಾಗಿದೆಯೇ, ಬ್ಯಾಂಕಿನ ಸಾಲ ಇನ್ನೂ ನಮೂದಾಗಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ.

ಅವಧಿ ಮುಗಿಯುವುದಕ್ಕೂ ರದ್ದಾಗುವುದಕ್ಕೂ ಭಾರೀ ವ್ಯತ್ಯಾಸವಿದೆ. 1988ರ ಮೋಟಾರು ವಾಹನ ಕಾಯ್ದೆಯ 41ನೇ ಕಲಮಿನ ಪ್ರಕಾರ ಸ್ವಂತ ಬಳಕೆಯ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ತಪಾಸಣೆಗೆ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. ನಮ್ಮ ಕಡೆ ಇದನ್ನೇ ‘ಎಫ್‌ಸಿ ಮಾಡಿಸೋದು’ ಎನ್ನುತ್ತಾರೆ, ಅದಕ್ಕೆ ನಮೂನೆ 25ರಲ್ಲಿ ಅರ್ಜಿ. ಆದರೆ 55ನೇ ಕಲಮಿನಡಿ ನೋಂದಣಿ ರದ್ದಾಗಿದ್ದರೆ, ಅಂದರೆ ಗಾಡಿ ನಾಶವಾಯಿತು, ಇನ್ನು ಬಳಕೆಗೆ ಬಾರದು ಎಂದು ದಾಖಲಾಗಿದ್ದರೆ, ಅದನ್ನು ಬಿಡಿಭಾಗಗಳಿಗಾಗಿ ಮಾತ್ರ ಕೊಳ್ಳಬೇಕು. ಅಪಘಾತದಲ್ಲಿ ಜಖಂ ಆಗಿ ವಿಮಾ ಕಂಪನಿ ಪೂರ್ತಿ ನಷ್ಟವೆಂದು ಪರಿಹಾರ ಕೊಟ್ಟು ಮಾರಿದ ಬೈಕುಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ತಪ್ಪದೇ ಕೇಳಬೇಕು.

ಇನ್ನು ದುಡ್ಡಿನ ಲೆಕ್ಕ. ದ್ವಿಚಕ್ರ ವಾಹನದ ನೋಂದಣಿ ನವೀಕರಣಕ್ಕೆ ಹಿಂದೆ 300 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 1,000 ಆಯಿತು. 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟ್ ಅಧಿಸೂಚನೆಯಲ್ಲಿ 2,000 ರೂಪಾಯಿ ಎಂದು ನಿಗದಿಯಾಗಿದೆ. ಇದನ್ನು ಹೇಗೋ ಹೊಂದಿಸಬಹುದು. ಭಾರವಾಗುವುದು ವಿಳಂಬದ ಶುಲ್ಕ. ಕೇಂದ್ರದ ನಿಯಮದಂತೆ ಬೈಕಿಗೆ ಪ್ರತಿ ತಿಂಗಳ ವಿಳಂಬಕ್ಕೆ 300 ರೂಪಾಯಿ. ಹತ್ತು ವರ್ಷ ನವೀಕರಿಸದೆ ಬಿಟ್ಟ ಗಾಡಿಗೆ ಈ ಲೆಕ್ಕ ಹಾಕಿದರೆ 36,000 ರೂಪಾಯಿ! ಗಾಡಿಯ ಬೆಲೆ, ಎಂಜಿನ್ ಕೆಲಸ, ಟೈರು ಎಲ್ಲ ಸೇರಿದರೂ ಅಷ್ಟಾಗಲಿಕ್ಕಿಲ್ಲ. ಎಂಜಿನ್ನು ಮುಗಿಸಿ, ಬಣ್ಣ ಹೊಡೆಸಿ, ಕೊನೆಗೆ ಕಚೇರಿಗೆ ಹೋಗಿ ಈ ಮೊತ್ತ ಕೇಳಿದರೆ ಎದೆ ಒಡೆಯುತ್ತದೆ. ಒಂದು ನಟ್ಟು ಬಿಚ್ಚುವ ಮೊದಲೇ ಬಾಕಿ ಎಷ್ಟೆಂದು ಲೆಕ್ಕ ಹಾಕಿಸಿಕೊಳ್ಳಿ ಎನ್ನುವುದು ಇದಕ್ಕೇ.

ಮಾಲೀಕತ್ವವನ್ನೂ ಆಗಲೇ ಸರಿಮಾಡಿಕೊಳ್ಳಬೇಕು. ಮಾರಾಟವಾದರೆ ನಮೂನೆ 29 ಮತ್ತು 30. ಆರ್‌ಸಿ ಕಳೆದಿದ್ದರೆ ನಕಲಿಗೆ ನಮೂನೆ 26. ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಸಂದರ್ಭವೆಂದರೆ ಬೈಕು ತೀರಿಹೋದ ಅಪ್ಪನದ್ದೋ ಅಜ್ಜನದ್ದೋ ಆಗಿರುವುದು. ಅದಕ್ಕೆ ನಮೂನೆ 31, ಜೊತೆಗೆ ಮರಣ ಪ್ರಮಾಣಪತ್ರ ಮತ್ತು ವಾರಸುದಾರಿಕೆಯ ದಾಖಲೆ. ಅಣ್ಣತಮ್ಮಂದಿರು ಒಪ್ಪಿ ಸಹಿ ಹಾಕಬೇಕಾಗಿ ಬರಬಹುದು. ‘ನಮ್ಮಪ್ಪನ ಗಾಡಿ, ಕೇಳೋರ್ಯಾರು’ ಎಂದು ಸತ್ತವರ ಹೆಸರಿನಲ್ಲೇ ಓಡಿಸಿದರೆ ಅಪಘಾತದ ದಿನ ವಿಮೆಯವರೂ ಕೇಳುತ್ತಾರೆ, ನ್ಯಾಯಾಲಯವೂ ಕೇಳುತ್ತದೆ.

ಠಾಣೆಯ ಅಂಗಳದ ಬೈಕುಗಳು

ಯಾವ ಪೊಲೀಸ್ ಠಾಣೆಯ ಪಕ್ಕಕ್ಕೆ ಹೋದರೂ ಬಳ್ಳಿ ಹಬ್ಬಿದ ಬೈಕುಗಳ ರಾಶಿ ಕಾಣುತ್ತದೆ. ಅಪಘಾತದವು, ಕಳವಿನವು, ಯಾರೂ ಕೇಳಿಕೊಂಡು ಬಾರದವು. ಚೆನ್ನಾಗಿದ್ದ ಗಾಡಿಯೂ ಅಲ್ಲಿ ಬಿಸಿಲು ಮಳೆಗೆ ನಿಂತು ನಿಂತೇ ಗುಜರಿಯಾಗುತ್ತದೆ. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರ ಅಕ್ಟೋಬರಿನಲ್ಲೇ ಇದರ ಬಗ್ಗೆ ಸ್ಪಷ್ಟವಾಗಿ ಹೇಳಿದೆ: ಜಪ್ತಿಯಾದ ವಾಹನಗಳನ್ನು ಠಾಣೆಯಲ್ಲಿ ದೀರ್ಘಕಾಲ ಇಟ್ಟುಕೊಳ್ಳುವುದರಿಂದ ಪ್ರಯೋಜನವಿಲ್ಲ, ಫೋಟೊ, ಪಂಚನಾಮೆ, ಮುಚ್ಚಳಿಕೆ ತೆಗೆದುಕೊಂಡು ಮಾಲೀಕರಿಗೆ ಬಿಟ್ಟುಕೊಡಬೇಕು, ಕೇಳುವವರಿಲ್ಲದಿದ್ದರೆ ಹರಾಜು ಹಾಕಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮು ಇದಕ್ಕೆ ದಿನಗಳ ಗಡುವನ್ನೇ ಇಟ್ಟಿದೆ. ವಸ್ತು ನ್ಯಾಯಾಲಯದ ಮುಂದೆ ಬಂದ 14 ದಿನದೊಳಗೆ ವಿವರಪಟ್ಟಿಯಾಗಬೇಕು, ಅದಾದ 30 ದಿನದೊಳಗೆ ವಿಲೇವಾರಿಗೆ ಆದೇಶವಾಗಬೇಕು.

ನಿಮ್ಮ ಬೈಕು ಹಾಗೆ ನಿಂತಿದ್ದರೆ ಕೇಸು ಮುಗಿಯಲಿ ಎಂದು ಕಾಯಬೇಡಿ. ವಕೀಲರ ಮೂಲಕ ಬಿಡುಗಡೆಗೆ ಅರ್ಜಿ ಹಾಕಿಸಿ. ಹರಾಜಿನಲ್ಲಿ ಕೊಳ್ಳುವವರು ಕೇಳಬೇಕಾದ್ದು ಬೇರೆ: ಗಾಡಿಯನ್ನು ಓಡಿಸಲು ಮಾರುತ್ತಿದ್ದಾರೋ, ಬರೀ ಗುಜರಿಯೆಂದು ಮಾರುತ್ತಿದ್ದಾರೋ? ಓಡಿಸಲಿಕ್ಕಾದರೆ ಹರಾಜಿನ ಆದೇಶಪತ್ರ ಕೈಗೆ ಬರಬೇಕು. ಅದರ ಮೇಲೆ ನಮೂನೆ 32ರಲ್ಲಿ ಅರ್ಜಿ ಹಾಕಿ ಹೆಸರು ವರ್ಗಾಯಿಸಿಕೊಳ್ಳಬೇಕು. ಆ ಪತ್ರವಿಲ್ಲದ ಹರಾಜಿನ ಗಾಡಿ ಓಡಿಸಲು ಯೋಗ್ಯವಲ್ಲ.

ನಿಲ್ಲುವುದನ್ನು ಮೊದಲು ಕಲಿಸಿ

ಕಾಗದದ ದಾರಿ ಸ್ಪಷ್ಟವಾದ ಮೇಲೆ ಪಾನಾ ಕೈಗೆತ್ತಿಕೊಳ್ಳಿ. ಆಗಲೂ ಎಂಜಿನ್ನಿಗೆ ಕೈ ಹಾಕಬೇಡಿ. ಓಡುವ ಗಾಡಿ ನಿಲ್ಲದಿದ್ದರೆ ಜೀವ ಹೋಗುತ್ತದೆ, ನಿಂತ ಗಾಡಿ ಓಡದಿದ್ದರೆ ಯಾರಿಗೂ ಏನೂ ಆಗುವುದಿಲ್ಲ.

ಮೊದಲು ಚಾಸಿ. ಹ್ಯಾಂಡಲಿನ ಕೆಳಗಿನ ಕತ್ತು, ಹಿಂದಿನ ಶಾಕಬ್ಸರ್ ಕೂರುವ ಜಾಗ, ಸ್ವಿಂಗ್ ಆರ್ಮ್ ಇವುಗಳಲ್ಲಿ ಬಿರುಕು ಹುಡುಕಿ. ಬಣ್ಣದ ಮೇಲೆ ತುಕ್ಕಿನ ಸಣ್ಣ ಗೆರೆ ಎದ್ದಿದ್ದರೆ ಅಲ್ಲಿ ಉಜ್ಜಿ ನೋಡಿ. ಎರಡೂ ಚಕ್ರದ ಉದ್ದಕ್ಕೆ ದಾರ ಎಳೆದು ಹಿಡಿದರೆ ಚಾಸಿ ಬಾಗಿದೆಯೋ ಇಲ್ಲವೋ ತಿಳಿಯುತ್ತದೆ. ಅಪಘಾತದ ಬೈಕಾದರೆ ಮುಂದಿನ ಫೋರ್ಕ್ ಪೈಪುಗಳನ್ನು ಬಿಚ್ಚಿ ಗಾಜಿನ ಮೇಲೆ ಉರುಳಿಸಿ ನೋಡಬೇಕು. ಕಣ್ಣಿಗೆ ನೆಟ್ಟಗೆ ಕಂಡ ಪೈಪು ಅಲ್ಲಿ ತನ್ನ ಸೊಟ್ಟ ತೋರಿಸುತ್ತದೆ.

ಹಳೆಯ ಬೈಕುಗಳಲ್ಲಿ ಹೆಚ್ಚಿನವಕ್ಕೆ ಡ್ರಮ್ ಬ್ರೇಕು. ಚಕ್ರ ಬಿಚ್ಚಿದಾಗ ಹಬ್ಬಿನೊಳಗೆ ಕಪ್ಪು ಪುಡಿ ಇರುತ್ತದೆ. ಅದನ್ನು ಬಾಯಿಂದ ಊದಬೇಡಿ, ಕಂಪ್ರೆಸರಿನ ಗಾಳಿ ಹಿಡಿಯಬೇಡಿ. ಆ ಕಾಲದ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ದಶಕಗಳ ಮೇಲೆ ಕ್ಯಾನ್ಸರ್ ತರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಹಾಕಿ ಕಟ್ಟಿಬಿಡಿ. ಡ್ರಮ್ಮು ಅಂಡಾಕಾರವಾಗಿದ್ದರೆ ಬ್ರೇಕು ಒಮ್ಮೆ ಹಿಡಿದು ಒಮ್ಮೆ ಬಿಡುತ್ತದೆ. ಲೇತಿನಲ್ಲಿ ತೆಳ್ಳಗೆ ಚಿವರಿಸಿದರೆ ಸರಿಹೋಗುತ್ತದೆ, ಆದರೆ ಅದಕ್ಕೂ ಮಿತಿ ಇದೆ. ಲೈನರು, ಸ್ಪ್ರಿಂಗು, ಕೇಬಲ್ ಇವು ಮೂರೂ ಹೊಸವೇ ಇರಲಿ.

ಟೈರಿನ ಹೂವು ಎದ್ದು ಕಾಣುತ್ತಿದೆ ಎಂದು ನಂಬಬೇಡಿ. ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿ ಓದಿ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ಬಿಸಿಲಲ್ಲಿ ನಿಂತ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ, ಮೊದಲ ಮಳೆಗೇ ಜಾರುತ್ತದೆ. ಟೈರು, ಟ್ಯೂಬು ಎರಡನ್ನೂ ಹೊಸದು ಹಾಕಿಸಿ.

ಎಂಜಿನ್ನಿನ ಸರದಿ

ಈಗ ಎಂಜಿನ್ನು. ಹಿಡಿದುಕೊಂಡಿದ್ದರೆ ಕಿಕ್ಕರಿನ ಮೇಲೆ ನಿಂತು ಕುಣಿಯಬೇಡಿ. ಪ್ಲಗ್ಗು ಬಿಚ್ಚಿ ಆ ತೂತಿನಲ್ಲಿ ಡೀಸೆಲ್ಲೋ ತೆಳು ಎಣ್ಣೆಯೋ ಬಿಟ್ಟು ಕೆಲವು ದಿನ ಸುಮ್ಮನಿರಿ. ಮಳೆಗಾಲದ ನೆಲಕ್ಕೆ ನೀರು ಇಂಗುವಂತೆ ಅದು ನಿಧಾನವಾಗಿ ರಿಂಗಿನ ಸಂದಿಗೆ ಇಳಿಯಬೇಕು. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಿದರೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ.

ನಮ್ಮ ಕಡೆಯ ಎಂಜಿನ್ನುಗಳ ದೊಡ್ಡ ಶತ್ರು ಧೂಳು. ಅದಿರಿನ ಲಾರಿ ಓಡುವ ದಾರಿಗಳಲ್ಲಿ ಕೆಂಪು ಧೂಳು ಮರದ ಎಲೆಯ ಮೇಲೂ ಕೂರುತ್ತದೆ, ಏರ್ ಫಿಲ್ಟರಿನೊಳಗೂ ಕೂರುತ್ತದೆ. ಫಿಲ್ಟರು ಹರಿದ ಬೈಕಿನ ಸಿಲಿಂಡರನ್ನು ಆ ಧೂಳು ಉಜ್ಜುಕಾಗದದಂತೆ ತಿಂದಿರುತ್ತದೆ. ಲೇತಿನವರ ಹತ್ತಿರ ಬೋರ್ ಅಳೆಸಿ. ಸವೆದಿದ್ದರೆ ಕಾಲು ಮಿಲಿಮೀಟರಿನಂತೆ ದೊಡ್ಡದಾಗುವ ಓವರ್‌ಸೈಜ್ ಪಿಸ್ಟನ್ ಇರುತ್ತವೆ. ಪಿಸ್ಟನ್ನನ್ನು ಮೊದಲು ಕೊಂಡು, ಅದರ ಅಳತೆಗೆ ಬೋರ್ ಮಾಡಿಸಬೇಕು. ಹೊಸ ಫಿಲ್ಟರು ಹಾಕದೆ ಬೋರ್ ಮಾಡಿಸಿದರೆ ದುಡ್ಡು ಧೂಳಿಗೇ ಹೋಗುತ್ತದೆ.

ಯೆಜ್ಡಿಯಂಥ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲು ಬಹಳ ಮುಖ್ಯ. ಪೆಟ್ರೋಲ್-ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಕೇಸಿಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ, ಸಿಲಿಂಡರಿಗೆ ಏರುತ್ತದೆ. ಕ್ಲಚ್ ಕಡೆಯ ಸೀಲು ಹೋದರೆ ಎಂಜಿನ್ನು ಗೇರ್ ಬಾಕ್ಸಿನ ಎಣ್ಣೆ ಎಳೆದುಕೊಂಡು ದಟ್ಟ ಹೊಗೆ ಬಿಡುತ್ತದೆ. ಡೈನಮೋ ಕಡೆಯದ್ದು ಹೋದರೆ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಆಗ ಪೆಟ್ರೋಲ್ ಕಮ್ಮಿಯಾಗಿ, ಎಂಜಿನ್ನು ಕಾದು, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೊಸ ಪಿಸ್ಟನ್ ಹಾಕಿಯೂ ವಾರಕ್ಕೇ ಸೀಜ್ ಆಯಿತು ಎಂಬ ಗೋಳಿನ ಹಿಂದೆ ಅನೇಕ ಸಲ ಹಳೆಯದೇ ಉಳಿದ ಸೀಲು ಇರುತ್ತದೆ. ಪೆಟ್ರೋಲಿಗೆ ಟೂ-ಟಿ ಆಯಿಲ್ ಬೆರೆಸುವುದನ್ನೂ ಅಳತೆಪಾತ್ರೆಯಲ್ಲಿ ಮಾಡಿ, ಯೆಜ್ಡಿಗೆ ಲೀಟರಿಗೆ 40 ಮಿಲಿಯ ಆಸುಪಾಸು ರೂಢಿಯ ಅಳತೆ.

ಟ್ಯಾಂಕಿಗೆ ತೂತು ಬಿದ್ದಿದ್ದರೆ ಬರಿದಾದ ಟ್ಯಾಂಕು ತಾನೇ ಎಂದು ವೆಲ್ಡಿಂಗ್ ಹಿಡಿಯಬೇಡಿ. ಪೆಟ್ರೋಲಿನ ಆವಿ ಒಳಗೆ ಉಳಿದಿರುತ್ತದೆ, ಟ್ಯಾಂಕು ಬಾಂಬಿನಂತೆ ಸಿಡಿದು ಪ್ರಾಣ ತೆಗೆಯಬಲ್ಲದು. ಅದು ತಿಳಿದವರ ಕೆಲಸ. ಇನ್ನೊಂದು ಎಚ್ಚರ ಈ ಕಾಲದ್ದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಪೆಟ್ರೋಲ್ ಪೈಪು, ಕಾಕಿನ ವಾಷರು, ಕಾರ್ಬುರೇಟರಿನ ರಬ್ಬರುಗಳನ್ನು ಹೊಸದಾಗಿ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಡಿ.

ರಸ್ತೆಗೆ ಇಳಿಯುವ ಮುನ್ನ

ಗಾಡಿ ಸಿದ್ಧವಾದ ಮೇಲೆ ಮೂರು ಕೆಲಸ ಬಾಕಿ. ಮೂರನೇ ವ್ಯಕ್ತಿಯ ವಿಮೆ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನಂತೆ ಕಡ್ಡಾಯ. 150ರಿಂದ 350 ಸಿಸಿಯ ಬೈಕಿಗೆ 2022ರಲ್ಲಿ ನಿಗದಿಯಾದ ವಾರ್ಷಿಕ ಕಂತು 1,366 ರೂಪಾಯಿ, ಅದರ ಮೇಲೆ ತೆರಿಗೆ. ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ದಂಡಕ್ಕಿಂತ ದೊಡ್ಡದು ನೈತಿಕ ಹೊಣೆ. ನಮ್ಮ ಗಾಡಿ ಯಾರಿಗಾದರೂ ಬಡಿದರೆ ಆ ಮನೆಯವರಿಗೆ ಪರಿಹಾರ ಎಲ್ಲಿಂದ ಬರಬೇಕು?

ಎರಡನೆಯದು ಎಮಿಷನ್ ಪರೀಕ್ಷೆ. 2000ದ ಮಾರ್ಚ್ ಅಂತ್ಯಕ್ಕೆ ಮೊದಲು ತಯಾರಾದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮೊನಾಕ್ಸೈಡಿನ ಮಿತಿ ಶೇ. 4.5, ಹೈಡ್ರೋಕಾರ್ಬನ್ 9,000 ಪಿಪಿಎಂ. ಇದು ಇಂದಿನ ಬೈಕುಗಳಿಗಿಂತ ಸಾಕಷ್ಟು ಸಡಿಲವಾದ ಮಿತಿ. ಕಾರ್ಬುರೇಟರ್ ಸರಿಯಿದ್ದು ಎಣ್ಣೆಯ ಅಳತೆ ಮೀರದಿದ್ದರೆ ಹಳೆಯ ಎಂಜಿನ್ನು ಪಾಸಾಗುತ್ತದೆ. ಪಾಸಾಗದಿದ್ದರೆ ಎಂಜಿನ್ನಿನಲ್ಲಿ ಕೆಲಸ ಉಳಿದಿದೆ ಎಂದೇ ಅರ್ಥ. ಮೂರನೆಯದು ಅತಿ ಸುರಕ್ಷಿತ ನಂಬರ್ ಪ್ಲೇಟು.

ಬಣ್ಣ ಬದಲಿಸುವ ಆಸೆ ಇದ್ದರೆ ಮೊದಲೇ ಕಚೇರಿಗೆ ತಿಳಿಸಿ. ಆರ್‌ಸಿಯಲ್ಲಿ ಬಣ್ಣವೂ ನಮೂದಾಗಿರುತ್ತದೆ. ಬೇರೆ ಎಂಜಿನ್ನು ಕೂರಿಸುವುದು, ಚಾಸಿ ಕೊಯ್ದು ಉದ್ದ ಮಾಡುವುದು ಇಂಥವು 52ನೇ ಕಲಮಿನ ವ್ಯಾಪ್ತಿಗೆ ಬರುತ್ತವೆ. ಸೈಲೆನ್ಸರಿನ ಒಳಕೊಳವೆ ಕಿತ್ತು ಊರಿನ ನಿದ್ದೆ ಕೆಡಿಸುವುದಂತೂ ಬೇಡವೇ ಬೇಡ. 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ 2021ರ ನಿಯಮದಂತೆ ‘ವಿಂಟೇಜ್’ ನೋಂದಣಿಯೂ ಇದೆ. ಆದರೆ ಅದರ ಶುಲ್ಕ 20,000 ರೂಪಾಯಿ, ದಿನನಿತ್ಯದ ಓಡಾಟಕ್ಕೂ ಬಳಸುವಂತಿಲ್ಲ. ಹೊಲ, ಸಂತೆ ಎಂದು ಓಡಾಡುವವರಿಗೆ ಮಾಮೂಲಿ ನವೀಕರಣವೇ ಸರಿ.

ಎಲ್ಲ ಬೈಕನ್ನೂ ಉಳಿಸಬೇಕೆಂದೇನಿಲ್ಲ. ಚಾಸಿ ಬಿರುಕು ಬಿಟ್ಟಿದ್ದರೆ, ನೋಂದಣಿ ರದ್ದಾಗಿದ್ದರೆ, ವಿಳಂಬ ಶುಲ್ಕ ಕೈಮೀರಿದ್ದರೆ ಬಿಟ್ಟುಬಿಡುವುದೇ ಜಾಣತನ. ಬಿಡುವಾಗಲೂ ಕ್ರಮವಿದೆ. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ, ದಾಖಲೆಯಲ್ಲಿ ಗಾಡಿ ನಿಮ್ಮ ಹೆಸರಿನಿಂದ ಇಳಿಯುತ್ತದೆ. ಹಾಗೇ ತೂಕಕ್ಕೆ ಹಾಕಿದರೆ ನಂಬರು ಮಾತ್ರ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಅದು ನಾಳೆ ಯಾರ ಕೈಯಲ್ಲಿ, ಯಾವ ಕೆಲಸಕ್ಕೆ ಬಳಕೆಯಾಗುತ್ತದೋ ಯಾರು ಬಲ್ಲರು?

ಸರ್ಕಾರಕ್ಕೂ ಎರಡು ಮಾತು ಹೇಳಬೇಕು. ಒಂದು ದಿನದ ಕೂಲಿ ಬಿಟ್ಟು ಚಿತ್ರದುರ್ಗಕ್ಕೆ ಹೋಗಿ, ಯಾವ ನಮೂನೆ ಎಂದು ಗೊತ್ತಾಗದೆ, ಮಧ್ಯವರ್ತಿಗೆ ದುಡ್ಡು ಕೊಟ್ಟು ಬರುವವರು ನಮ್ಮ ಹಳ್ಳಿಗಳಲ್ಲಿ ತುಂಬ ಜನ. ಸಾರಿಗೆ ಇಲಾಖೆ ವರ್ಷಕ್ಕೊಮ್ಮೆಯಾದರೂ ಹೋಬಳಿ ಮಟ್ಟದಲ್ಲಿ ಹಳೆಯ ವಾಹನಗಳ ತಪಾಸಣೆ ಮತ್ತು ನವೀಕರಣದ ಶಿಬಿರ ನಡೆಸಲಿ. ಆ ಶಿಬಿರದ ಮಟ್ಟಿಗೆ ವಿಳಂಬ ಶುಲ್ಕಕ್ಕೆ ಒಂದು ಗರಿಷ್ಠ ಮಿತಿ ಹಾಕುವಂತೆ ರಾಜ್ಯ ಸರ್ಕಾರ ಕೇಂದ್ರವನ್ನು ಒತ್ತಾಯಿಸಲಿ. ತಿಂಗಳ ಲೆಕ್ಕದ ಶುಲ್ಕ ಬೆಳೆದು ಗಾಡಿಯ ಬೆಲೆಯನ್ನೇ ದಾಟಿದರೆ ಬಡವನು ಕಾನೂನಿನ ಒಳಗೆ ಬರುವುದಿಲ್ಲ, ಕಾಗದವಿಲ್ಲದೆ ಓಡಿಸುತ್ತಾನೆ. ಅದರ ಅಪಾಯ ಅವನೊಬ್ಬನದಲ್ಲ, ಎದುರಿನಿಂದ ಬರುವ ಎಲ್ಲರದೂ.

ಹುಡುಗರಿಗೆ ಹೇಳುವುದು ಇಷ್ಟೇ. ನಿಮ್ಮ ಕೈಯಲ್ಲಿ ಎಂಜಿನ್ನು ಗುಡುಗುವ ದಿನ ಬಂದೇ ಬರುತ್ತದೆ. ಆ ದಿನ ಜೇಬಿನಲ್ಲಿ ನಿಮ್ಮ ಹೆಸರಿನ ಆರ್‌ಸಿ ಇರಲಿ, ಕಾಲ ಕೆಳಗೆ ಹಿಡಿಯುವ ಬ್ರೇಕು ಇರಲಿ, ತಲೆಯ ಮೇಲೆ ಹೆಲ್ಮೆಟ್ಟು ಇರಲಿ. ಆಗ ಮಾತ್ರ ಆ ಬೈಕು ನಿಜವಾಗಿ ರಸ್ತೆಗೆ ಬಂದಂತೆ.